ಛತ್ರಿ ಹಿಡಿಯುವ ಹಕ್ಕು: ಗೋವೆಯ ಹಿಂದೂ–ಕ್ಯಾಥಲಿಕ್ ಸಂಸ್ಕೃತಿ ಮತ್ತು ರಾಬರ್ಟ್ ನ್ಯೂಮನ್ ಅವರ ಅಧ್ಯಯನಗಳು

ಗೋವೆಯನ್ನು ಕುರಿತ ಬರವಣಿಗೆಯಲ್ಲಿ ಬಹುಕಾಲ ಎರಡು ಚಿತ್ರಗಳು ಚಲಾವಣೆಯಲ್ಲಿದ್ದವು. ಪೋರ್ಚುಗೀಸ್ ಆಳ್ವಿಕೆಯ ನೆರಳಿನಲ್ಲಿ ರೂಪುಗೊಂಡ ಮೊದಲನೆಯ ಚಿತ್ರದಲ್ಲಿ ಗೋವೆಯು ಪೂರ್ವದೇಶದಲ್ಲಿ ನೆಲೆಯೂರಿದ ಲ್ಯಾಟಿನ್ ಯುರೋಪಿನ ಒಂದು ತುಣುಕು. ಬಿಳಿಯ ಚರ್ಚುಗಳು, ಮಾಂಡೊ ಹಾಡು, ಮೊಗಸಾಲೆಯ ದೊಡ್ಡ ಮನೆಗಳು ಅದರ ಗುರುತುಗಳು. ೧೯೬೧ರ ವಿಮೋಚನೆಯ ಅನಂತರ ಪ್ರಬಲವಾದ ಎರಡನೆಯ ಚಿತ್ರದಲ್ಲಿ ಗೋವೆಯು ಮೂಲತಃ ಭಾರತೀಯ. ನಾಲ್ಕೂವರೆ ಶತಮಾನಗಳ ಪರಕೀಯ ಆಳ್ವಿಕೆ ಅದರ ಮೇಲೆ ಕುಳಿತ ಧೂಳು ಮಾತ್ರ. ಕೆರೊಲಿನ್ ಇಫೆಕಾ ಅವರು ೧೯೮೫ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇವೆರಡನ್ನು ‘ಗೋವಾ ದೌರಾದಾ’ (ಚಿನ್ನದ ಗೋವೆ) ಮತ್ತು ‘ಗೋವಾ ಇಂಡಿಕಾ’ (ಭಾರತೀಯ ಗೋವೆ) ಎಂಬ ಹೆಸರುಗಳಿಂದ ಗುರುತಿಸಿದರು. ಮಾನವಶಾಸ್ತ್ರಜ್ಞ ರಾಬರ್ಟ್ ಎಸ್. ನ್ಯೂಮನ್ ಅವರ ಗೋವೆಯ ಅಧ್ಯಯನಗಳನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯಲಾಗದು. ಅವರು ಮೊದಲನೆಯ ಚಿತ್ರದ ವಿರುದ್ಧ ಬರೆದವರು. ಎರಡನೆಯದರ ಪಕ್ಷದಲ್ಲಿ ನಿಂತೂ ಅದಕ್ಕೆ ಪೂರ್ತಿಯಾಗಿ ಒಪ್ಪಿಸಿಕೊಳ್ಳದವರು. ಅವರ ಬಲವೂ ಮಿತಿಯೂ ಈ ನಿಲುವಿನಲ್ಲೇ ಅಡಗಿವೆ.

ಅಮೆರಿಕದವರಾದ ನ್ಯೂಮನ್ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿರುವ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಭಾರತದ ತಳಮಟ್ಟದ ಶಿಕ್ಷಣವನ್ನು ಕುರಿತ ಅವರ ಗ್ರಂಥ ೧೯೮೯ರಲ್ಲಿ ಪ್ರಕಟವಾಯಿತು. ಆದರೆ ಎಪ್ಪತ್ತರ ದಶಕದ ಕೊನೆಯಿಂದ ಅವರ ಗಮನ ಮುಖ್ಯವಾಗಿ ಗೋವೆಯ ಕಡೆಗೇ ಇತ್ತು. ೧೯೮೪ರಲ್ಲಿ ‘ಪೆಸಿಫಿಕ್ ಅಫೇರ್ಸ್’ ಪತ್ರಿಕೆಯಲ್ಲಿ ಗೋವೆಯನ್ನು ಪರಿವರ್ತನೆಗೊಳಗಾದ ಒಂದು ಭಾರತೀಯ ಪ್ರದೇಶವಾಗಿ ವಿವರಿಸುವ ಲೇಖನ, ೧೯೮೮ರಲ್ಲಿ ಕೊಂಕಣಿ ಚಳವಳಿ ಹಾಗೂ ರಾಜ್ಯಸ್ಥಾನಮಾನವನ್ನು ಕುರಿತ ಲೇಖನ, ನಡುವೆ ದೇವಿಯರು, ಜಾತ್ರೆಗಳು, ಪವಾಡಗಳು, ಪ್ರವಾಸಿಗರು ಇವುಗಳ ಮೇಲಿನ ಬಿಡಿ ಬರಹಗಳು. ಇವುಗಳಲ್ಲಿ ಮುಖ್ಯವಾದವು ೨೦೦೧ರಲ್ಲಿ ಮಾಪುಸಾದ ಅದರ್ ಇಂಡಿಯಾ ಪ್ರೆಸ್ ಪ್ರಕಟಿಸಿದ ‘ಆಫ್ ಅಂಬ್ರೆಲಾಸ್, ಗಾಡೆಸಸ್ ಅಂಡ್ ಡ್ರೀಮ್ಸ್’ ಎಂಬ ಸಂಕಲನದಲ್ಲಿ ಸೇರಿದವು. ೨೦೧೯ರಲ್ಲಿ ‘ಗೋವನ್ ಆಂತ್ರೊಪಾಲಜಿ’ ಎಂಬ ಹೆಸರಿನಡಿ ಅವರ ಬರಹಗಳ ಸಂಪುಟಗಳು ಹೊರಬಂದವು. ಒಂದೇ ಊರಿನ ಸಮಗ್ರ ಅಧ್ಯಯನಗ್ರಂಥವನ್ನು ಅವರು ಬರೆಯಲಿಲ್ಲ. ಒಂದು ಉತ್ಸವ, ಒಂದು ಘಟನೆ, ಒಂದು ಚಳವಳಿಯನ್ನು ಹಿಡಿದು ಅದರ ಮೂಲಕ ಇಡೀ ಗೋವೆಯನ್ನು ಮಾತಾಡಿಸುವ ಪ್ರಬಂಧವೇ ಅವರ ಪ್ರಕಾರ. ಈ ಪ್ರಕಾರಕ್ಕೆ ತನ್ನದೇ ಆದ ಒಂದು ಒಲವಿದೆ. ಉತ್ಸವದ ದಿನ ಊರು ಒಂದಾಗಿ ಕಾಣುತ್ತದೆ. ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳ ಊರು ಪ್ರಬಂಧದ ಹೊರಗೆ ಉಳಿಯುವ ಅಪಾಯವಿರುತ್ತದೆ.

ಪ್ರಸ್ತುತ ಲೇಖನವು ನ್ಯೂಮನ್ ಅವರ ಸಮಸ್ತ ಬರವಣಿಗೆಯ ಸಮೀಕ್ಷೆಯಲ್ಲ. ಹಿಂದೂ ಮತ್ತು ಕ್ಯಾಥಲಿಕ್ ಸಮುದಾಯಗಳು ಹಂಚಿಕೊಂಡ ಸಂಸ್ಕೃತಿಯೊಂದು ಗೋವೆಯಲ್ಲಿದೆ ಎಂಬ ಅವರ ಮೂಲ ಪ್ರಮೇಯವನ್ನು ಅವರದೇ ಅತ್ಯುತ್ತಮ ಸಾಕ್ಷ್ಯದ ಎದುರು ಇಟ್ಟು ನೋಡುವುದಷ್ಟೇ ಇಲ್ಲಿಯ ಉದ್ದೇಶ. ಆ ಸಾಕ್ಷ್ಯ ಕುಂಕಳ್ಳಿಯದು.

ಗೋವೆಯ ದಕ್ಷಿಣದ ಸಾಷ್ಟಿ ಪ್ರಾಂತದ ಕುಂಕಳ್ಳಿಗೆ ಎರಡು ಇತಿಹಾಸಗಳಿವೆ. ಬಾರ್ದೇಶ ಮತ್ತು ಸಾಷ್ಟಿಗಳು ೧೫೪೩ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಪೋರ್ಚುಗೀಸರ ವಶಕ್ಕೆ ಬಂದವು. ಸಾಷ್ಟಿಯಲ್ಲಿ ಮತಪ್ರಸಾರದ ಹೊಣೆ ಜೆಸ್ಯೂಟರದಾಗಿತ್ತು. ೧೫೬೭ರ ಹೊತ್ತಿಗೆ ಅಲ್ಲಿಯ ದೇವಾಲಯಗಳ ನಾಶ ವ್ಯಾಪಕವಾಗಿ ನಡೆದು, ಅವುಗಳ ಭೂಮಿಯ ಪಟ್ಟಿಗಳು ಸಿದ್ಧವಾಗಿ, ಆ ಉತ್ಪನ್ನ ಚರ್ಚಿನ ಸಂಸ್ಥೆಗಳಿಗೆ ವರ್ಗವಾಯಿತು. ೧೫೮೩ರ ಜುಲೈ ೧೫ರಂದು ಶಿಲುಬೆ ನೆಟ್ಟು ಚರ್ಚಿಗೆ ಸ್ಥಳ ಗೊತ್ತುಮಾಡಲು ಬಂದ ರೊಡಾಲ್ಫೊ ಅಕ್ವಾವಿವಾ ಮೊದಲಾದ ಐವರು ಜೆಸ್ಯೂಟರನ್ನೂ ಅವರ ಜೊತೆಗಿದ್ದ ಕೆಲವರನ್ನೂ ಕುಂಕಳ್ಳಿಯ ಜನ ಕೊಂದರು. ಅಕ್ವಾವಿವಾ ಅದಕ್ಕೂ ಮುನ್ನ ಅಕ್ಬರನ ಆಸ್ಥಾನಕ್ಕೆ ಹೋಗಿಬಂದಿದ್ದ ವಿದ್ವಾಂಸ. ಪ್ರತೀಕಾರವಾಗಿ ಊರಿನ ನಾಯಕರನ್ನು ಮಾತುಕತೆಯ ನೆಪದಲ್ಲಿ ಅಸೋಳ್ಣೆಯ ಕೋಟೆಗೆ ಕರೆಸಿ ಕೊಲ್ಲಲಾಯಿತು. ಒಬ್ಬ ಮಾತ್ರ ಸಾಳ ನದಿಗೆ ಹಾರಿ ಪಾರಾಗಿ ಕಾರವಾರದ ಕಡೆಗೆ ಹೋದನೆಂದು ಸ್ಥಳೀಯ ಪರಂಪರೆ ಹೇಳುತ್ತದೆ. ಊರಿನ ಜಮೀನುಗಳು ಜಪ್ತಿಯಾಗಿ ಪೋರ್ಚುಗೀಸ್ ಶ್ರೀಮಂತ ಮನೆತನದ ಕೈಸೇರಿದವು. ೧೮೯೩ರಲ್ಲಿ ರೋಮ್ ಆ ಐವರನ್ನು ಧರ್ಮಬಲಿಗಳೆಂದು ಧನ್ಯಪದವಿಗೇರಿಸಿತು. ಅದೇ ಘಟನೆಯನ್ನು ವಿಮೋಚನೆಯ ಅನಂತರದ ಸ್ಥಳೀಯ ಕಥನವು ಯುರೋಪಿನ ವಸಾಹತುಶಾಹಿಯ ವಿರುದ್ಧ ಭಾರತೀಯರು ನಡೆಸಿದ ಬಹು ಮೊದಲಿನ ಬಂಡಾಯವೆಂದು ಓದಿತು. ಒಂದು ಕಥನದ ಕೊಲೆಗಾರರು ಇನ್ನೊಂದರ ಹುತಾತ್ಮರು. ಎರಡೂ ಕಥನಗಳ ವಾರಸುದಾರರು ಅದೇ ಊರಿನಲ್ಲಿದ್ದಾರೆ. ಎಷ್ಟೋ ಕಡೆ ಒಂದೇ ಕುಲದವರು.

ಊರಿನ ದೇವತೆ ಶಾಂತಾದುರ್ಗಾ ಕುಂಕಳ್ಳೀಕರೀಣ ಗಡಿ ದಾಟಿ ಹತ್ತಿರದ ಫಾತರ್ಪೆಗೆ ಹೋಗಿ ನೆಲೆಸಿದಳು. ಫಾತರ್ಪೆ ಆಗ ಪೋರ್ಚುಗೀಸರ ಕೈಗೆ ಸಿಕ್ಕಿರಲಿಲ್ಲ, ಆದಿಲಶಾಹಿಯ ಮೇರೆಯೊಳಗಿತ್ತು. ಗೋವೆಯ ‘ದೇವರ ವಲಸೆ’ಯನ್ನು ಹೇಳುವಾಗ ಈ ಅಂಶ ಸಾಮಾನ್ಯವಾಗಿ ಹಾರಿಹೋಗುತ್ತದೆ. ಸಾಷ್ಟಿ, ಬಾರ್ದೇಶ, ತೀಸವಾಡಿಗಳಿಂದ ಹೊರಬಿದ್ದ ಅನೇಕ ದೇವರು ಆಶ್ರಯ ಪಡೆದದ್ದು ಬಿಜಾಪುರದ ಮುಸ್ಲಿಂ ಸುಲ್ತಾನನ ನೆಲದಲ್ಲಿ. ಮುಂದೆ ಆ ಪ್ರದೇಶದ ಬಹುಭಾಗ ಸೋಂದೆಯ ಅರಸರ ಆಳ್ವಿಕೆಗೆ ಬಂತು. ೧೭೬೩ರಲ್ಲಿ ಹೈದರನ ದಂಡಯಾತ್ರೆಗೆ ಬೆದರಿದ ಸೋಂದೆಯ ಅರಸ ಗೋವೆಗೆ ಓಡಿ, ಆ ನೆಲ ಪೋರ್ಚುಗೀಸರ ಕೈಸೇರಿತು. ಅಷ್ಟು ಹೊತ್ತಿಗೆ ಮತಾಂತರದ ಉತ್ಸಾಹ ಕುಂದಿದ್ದುದರಿಂದ ದೇವಾಲಯಗಳು ಉಳಿದವು. ಹೀಗಾಗಿ ಗೋವೆಯ ಹಿಂದೂ–ಕ್ಯಾಥಲಿಕ್ ಸಂಬಂಧದ ಚರಿತ್ರೆಗೆ ಬಿಜಾಪುರ, ಸೋಂದೆ, ಕಾರವಾರಗಳು ಕೇವಲ ನೆರೆಹೊರೆಯಲ್ಲ. ಆ ಚರಿತ್ರೆ ಸಾಧ್ಯವಾದದ್ದೇ ಈ ಗಡಿಯಿಂದ.

ಪ್ರತಿವರ್ಷ ಫಾಲ್ಗುಣದಲ್ಲಿ, ಶಿಗ್ಮೋ ಹಬ್ಬದ ಕಾಲಕ್ಕೆ, ದೇವಿಯನ್ನು ಪಲ್ಲಕ್ಕಿಯಲ್ಲಿ ಫಾತರ್ಪೆಯಿಂದ ಕುಂಕಳ್ಳಿಯ ಹಳೆಯ ದೇವಾಲಯದ ಸ್ಥಳಕ್ಕೆ ಕರೆತರುತ್ತಾರೆ. ಗುಲಾಲಿನ ಕೆಂಪಿನ ನಡುವೆ ಹನ್ನೆರಡು ಛತ್ರಿಗಳು ಮೆರವಣಿಗೆಯಲ್ಲಿ ಬರುತ್ತವೆ. ಊರಿನ ಮೂಲ ನಿವಾಸಿಗಳೆನಿಸಿದ ಹನ್ನೆರಡು ವಂಗಡಗಳಿಗೆ, ಅಂದರೆ ಕುಲಗಳಿಗೆ, ಒಂದೊಂದು ಛತ್ರಿ. ಇದೇ ‘ಸೊಂತ್ರ್ಯೊ’ ಅಥವಾ ಛತ್ರೋತ್ಸವ. ಆ ಕುಲಗಳ ವಂಶಸ್ಥರಲ್ಲಿ ಹಿಂದೂಗಳೂ ಇದ್ದಾರೆ, ಕ್ಯಾಥಲಿಕರೂ ಇದ್ದಾರೆ, ಇಬ್ಬರೂ ಉತ್ಸವದಲ್ಲಿ ಸೇರುತ್ತಾರೆ. ನ್ಯೂಮನ್ ಅವರ ಖ್ಯಾತ ಪ್ರಬಂಧ ಈ ಛತ್ರಿಗಳನ್ನು ಕುರಿತದ್ದು. ಸಂಕಲನದ ಶೀರ್ಷಿಕೆಯಲ್ಲಿ ಮೊದಲು ಬರುವ ಪದವೂ ಛತ್ರಿಯೇ. ದೇವಿ ವರ್ಷಕ್ಕೊಮ್ಮೆ ತವರಿಗೆ ಬರುತ್ತಾಳೆ, ಮತ ಬದಲಿಸಿದ ಮಕ್ಕಳೂ ಬದಲಿಸದ ಮಕ್ಕಳೂ ಅವಳನ್ನು ಎದುರುಗೊಳ್ಳುತ್ತಾರೆ. ನಾನೂರು ವರ್ಷಗಳ ಚರ್ಚು, ಇನ್‌ಕ್ವಿಸಿಷನ್ ಹಾಗೂ ಪರಕೀಯ ಪ್ರಭುತ್ವ ಅಳಿಸಲಾಗದ ಗೋವೆಯ ಅನನ್ಯತೆ ಇದು ಎಂಬುದು ಅವರ ವಾದದ ತಿರುಳು.

ಈ ವಾದಕ್ಕೆ ಬೆಂಬಲವಾಗಿ ಅವರು ತರುವ ಇನ್ನೊಂದು ಮುಖ್ಯ ಉದಾಹರಣೆ ಬಾರ್ದೇಶದ್ದು. ಮಾಪುಸಾದ ಸಂತ ಜೆರೋಮರ ಚರ್ಚಿನಲ್ಲಿರುವ ಮಿಲಾಗ್ರಿಸ್ ಮಾತೆಯನ್ನು ಹಿಂದೂಗಳು ಮಿರಾಬಾಯಿ ಎಂದು ಕರೆಯುತ್ತಾರೆ. ಶಿರಗಾಂವದ ಲಯರಾಯಿ ದೇವಿಗೆ ಅವಳು ತಂಗಿ. ಏಳು ಅಕ್ಕತಂಗಿಯರ ಕಥೆಯಲ್ಲಿ ಒಬ್ಬಳು ಕ್ರೈಸ್ತಳಾದಳು, ಅಷ್ಟೆ. ಈಸ್ಟರಿನ ಅನಂತರ ನಡೆಯುವ ಮಿಲಾಗ್ರಿಸ್ ಹಬ್ಬದಂದು ಹಿಂದೂಗಳು ಎಣ್ಣೆ ಅರ್ಪಿಸಲು ಸಾಲುಗಟ್ಟುತ್ತಾರೆ. ವೈಶಾಖದಲ್ಲಿ ಶಿರಗಾಂವದಲ್ಲಿ ಧೊಂಡ ವ್ರತಧಾರಿಗಳು ಕೆಂಡ ಹಾಯುವ ಜಾತ್ರೆ. ಅಕ್ಕತಂಗಿಯರ ನಡುವೆ ಎಣ್ಣೆ ಮತ್ತು ಹೂವಿನ ಕೊಡುಕೊಳೆಯ ಸಂಪ್ರದಾಯವನ್ನು ಎರಡೂ ಕಡೆಯವರು ಹೇಳುತ್ತಾರೆ. ಕನ್ನಡನಾಡಿನ ಗ್ರಾಮದೇವತೆಗಳ ಅಕ್ಕತಂಗಿ ಕಥೆಗಳನ್ನು ಬಲ್ಲವರಿಗೆ ಈ ರಚನೆ ಹೊಸದಲ್ಲ. ಹೊಸದೆಂದರೆ ಕನ್ಯಾಮರಿಯಮ್ಮನೂ ಆ ಸಾಲಿನಲ್ಲಿ ನಿಂತಿರುವುದು. ಇದರ ತಳದಲ್ಲಿ ಹುತ್ತದ ರೂಪದಲ್ಲಿ ಪೂಜೆಗೊಳ್ಳುವ ಸಾಂತೇರಿ ಎಂಬ ಭೂದೇವಿಯ ಆರಾಧನೆ ಇದೆ. ಸಾಂತೇರಿಯೇ ಮುಂದೆ ಸಂಸ್ಕೃತೀಕರಣಗೊಂಡು ಶಾಂತಾದುರ್ಗೆಯಾದಳೆಂಬುದು ವಿದ್ವಾಂಸರಲ್ಲಿ ಸಾಕಷ್ಟು ಒಪ್ಪಿತವಾದ ಮಾತು. ನ್ಯೂಮನ್ ಇಲ್ಲಿಂದ ಮುಂದುವರಿದು, ಗೋವೆಯ ಧಾರ್ಮಿಕತೆಯ ಕೇಂದ್ರದಲ್ಲಿರುವುದು ತಾಯಿ, ಅವಳ ಹೆಸರು ಶಾಂತಾದುರ್ಗೆಯೋ ಮರಿಯಳೋ ಎಂಬುದು ನಂತರದ ಮಾತು ಎನ್ನುತ್ತಾರೆ.

ಎಂಬತ್ತರ ದಶಕದಲ್ಲಿ ಹೀಗೆ ಬರೆಯುವುದು ಕೇವಲ ಶಾಸ್ತ್ರದ ವಿಷಯವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ೧೯೬೭ರ ಜನವರಿ ೧೬ರ ಜನಮತಗಣನೆಯಲ್ಲಿ ಗೋವೆ ಮಹಾರಾಷ್ಟ್ರದೊಂದಿಗೆ ವಿಲೀನಗೊಳ್ಳುವುದನ್ನು ನಿರಾಕರಿಸಿತ್ತು. ೧೯೮೭ರ ಫೆಬ್ರವರಿ ೪ರಂದು ರಾಜಭಾಷಾ ಮಸೂದೆ ಅಂಗೀಕಾರವಾಯಿತು, ಮೇ ೩೦ರಂದು ಗೋವೆ ರಾಜ್ಯವಾಯಿತು. ಹಿಂದೂ–ಕ್ಯಾಥಲಿಕರನ್ನು ಒಂದುಗೂಡಿಸುವ ಸಂಸ್ಕೃತಿಯೊಂದು ಇದ್ದರೆ ಮಾತ್ರ ಪ್ರತ್ಯೇಕ ರಾಜ್ಯಕ್ಕೆ ಸಾಂಸ್ಕೃತಿಕ ತಳಹದಿ ಇರುತ್ತದೆ. ೧೯೮೮ರ ಲೇಖನದಲ್ಲಿ ‘ಕೊಂಕಣಿ ಮಾಯಿ’ ಸಿಂಹಾಸನವೇರುವ ರೂಪಕವನ್ನು ಬಳಸಿ ನ್ಯೂಮನ್ ಹೇಳಿದ್ದು ಇದನ್ನೇ. ಹೊರಗಿನ ವಿದ್ವಾಂಸನೊಬ್ಬ ಸ್ಥಳೀಯರ ಆತ್ಮಗೌರವದ ಪರವಾಗಿ ಹೀಗೆ ನಿಂತದ್ದು ಸಣ್ಣ ಮಾತಲ್ಲ. ಆದರೆ ಅದೇ ಕಾಯಿದೆ ಕೊಂಕಣಿ ಎಂದರೆ ದೇವನಾಗರಿ ಲಿಪಿಯ ಕೊಂಕಣಿ ಎಂದು ವ್ಯಾಖ್ಯಾನಿಸಿತು. ಗೋವೆಯ ಕ್ಯಾಥಲಿಕರು ತಲೆಮಾರುಗಳಿಂದ ಓದಿ ಬರೆದು ಪ್ರಾರ್ಥಿಸುತ್ತ ಬಂದ ರೋಮನ್ ಲಿಪಿಯ ಕೊಂಕಣಿ ಅದರ ಹೊರಗುಳಿಯಿತು. ಮಂಗಳೂರು ಕಡೆಯಲ್ಲಿ ಕನ್ನಡ ಲಿಪಿಯಲ್ಲಿ ಬಾಳುತ್ತಿರುವ ಕೊಂಕಣಿಯನ್ನು ಬಲ್ಲವರಿಗೆ ಈ ವ್ಯಾಖ್ಯಾನದ ಇಕ್ಕಟ್ಟು ಬೇಗ ಅರ್ಥವಾಗುತ್ತದೆ. ಸಿಂಹಾಸನವೇರಿದ ತಾಯಿ ಎಲ್ಲ ಮಕ್ಕಳ ಲಿಪಿಯಲ್ಲಿ ಸಹಿ ಹಾಕಲಿಲ್ಲ. ಪಟ್ಟಾಭಿಷೇಕದ ಸಂಭ್ರಮದಲ್ಲಿ ನ್ಯೂಮನ್ ಇದಕ್ಕೆ ಕೊಡಬೇಕಾದಷ್ಟು ತೂಕ ಕೊಡಲಿಲ್ಲ ಎಂದೇ ನನ್ನ ಭಾವನೆ.

ಈಗ ಮತ್ತೆ ಛತ್ರಿಗಳಿಗೆ ಬರೋಣ. ಹನ್ನೆರಡು ಛತ್ರಿಗಳನ್ನು ಹಂಚಿಕೊಂಡ ಸಂಸ್ಕೃತಿಯ ಪ್ರತೀಕವೆಂದು ಓದುವ ಮೊದಲು ಕೇಳಬೇಕಾದ ಸರಳ ಪ್ರಶ್ನೆಯೊಂದಿದೆ. ಅವು ಹನ್ನೆರಡೇ ಏಕೆ? ಹದಿಮೂರನೆಯದು ಏಕಿಲ್ಲ? ಗೋವೆಯ ಹಳ್ಳಿಯ ವ್ಯವಸ್ಥೆ ಗಾಂವಕಾರಿಯದು. ಊರನ್ನು ಮೊದಲು ನೆಲೆಗೊಳಿಸಿದವರೆನಿಸಿದ ಕುಲಗಳ ಪುರುಷ ಸಂತತಿಯೇ ಗಾಂವಕಾರರು. ಊರಿನ ಸಾಮೂಹಿಕ ಭೂಮಿಯ ಆಡಳಿತ, ಅದರ ಉಳಿಕೆಯಲ್ಲಿ ಪಾಲು, ದೇವಾಲಯದ ಉತ್ಸವದಲ್ಲಿ ಅಗ್ರಮಾನ ಇವು ಅವರ ಹಕ್ಕುಗಳು. ಪೋರ್ಚುಗೀಸರು ಈ ವ್ಯವಸ್ಥೆಯನ್ನು ಕೆಡವಲಿಲ್ಲ. ೧೫೨೬ರಲ್ಲಿ ಅಫೊನ್ಸೊ ಮೆಶಿಯಾ ಸಿದ್ಧಪಡಿಸಿದ ಸನದಿನಲ್ಲಿ ಅದರ ರೂಢಿಗಳನ್ನು ಬರೆದಿಟ್ಟು, ಕಂದಾಯಕ್ಕೆ ಅದನ್ನೇ ಆಧಾರ ಮಾಡಿಕೊಂಡರು; ‘ಕೊಮುನಿದಾದ್’ ಎಂಬ ಹೊಸ ಹೆಸರು ಬಂತು. ದೇವರು ಹೋದ, ಸಂತ ಬಂದ. ಆದರೆ ಉತ್ಸವವನ್ನು ನಡೆಸುವವನು ಗಾಂವಕಾರನಾಗಿಯೇ ಉಳಿದ. ಚರ್ಚಿನ ಹಬ್ಬವನ್ನು ನಡೆಸುವ ‘ಕೊನ್ಫ್ರಾರಿ’ಗಳು ಜಾತಿ ಹಾಗೂ ಗಾಂವಕಾರಿಯ ರೇಖೆಗಳ ಮೇಲೇ ಸಂಘಟಿತವಾದವು. ಇದನ್ನು ದಕ್ಷಿಣ ಗೋವೆಯ ಹಳ್ಳಿಯೊಂದರ ಕ್ಷೇತ್ರಕಾರ್ಯದಿಂದ ರೊವೆನಾ ರಾಬಿನ್ಸನ್ ಅವರು ೧೯೯೮ರ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಮತಾಂತರವು ಸಾಮಾಜಿಕ ಶ್ರೇಣಿಯನ್ನು ಮುರಿಯಲಿಲ್ಲ. ಅದು ಹೊಸ ದೇವರ ಮುಂದೆ ತನ್ನನ್ನು ಮತ್ತೆ ಸ್ಥಾಪಿಸಿಕೊಂಡಿತು.

ಈ ಬೆಳಕಿನಲ್ಲಿ ಕುಂಕಳ್ಳಿಯ ಛತ್ರೋತ್ಸವ ಬೇರೆಯಾಗಿ ಕಾಣುತ್ತದೆ. ೧೫೮೩ರ ಅನಂತರ ಕುಂಕಳ್ಳಿಯ ಕುಲಗಳು ತಮ್ಮ ಭೂಮಿಯ ಮೇಲಿನ ಹಕ್ಕನ್ನು ಕಳೆದುಕೊಂಡಿದ್ದವು. ಬೇರೆ ಊರುಗಳ ಗಾಂವಕಾರನಿಗೆ ತಾನು ಗಾಂವಕಾರನೆಂದು ತೋರಿಸಲು ಕೊಮುನಿದಾದಿನ ಲೆಕ್ಕಪುಸ್ತಕವಿತ್ತು. ಕುಂಕಳ್ಳಿಯವನಿಗೆ ಉಳಿದದ್ದು ದೇವಿಯ ಮುಂದಿನ ಛತ್ರಿ. ಆದ್ದರಿಂದ ಕ್ಯಾಥಲಿಕನಾದ ಗಾಂವಕಾರ ಛತ್ರಿಯ ಸಂಬಂಧವನ್ನು ಬಿಡದೆ ಉಳಿಸಿಕೊಂಡದ್ದು ಹಳೆಯ ತಾಯಿಯ ಮೇಲಿನ ಭಕ್ತಿಯಿಂದ ಮಾತ್ರವಲ್ಲ. ಅದು ಅವನ ಕುಲದ ಹಕ್ಕುಪತ್ರವೂ ಆಗಿದ್ದಿರಬೇಕು. ಭಕ್ತಿ ಸುಳ್ಳೆಂದು ಇದರ ಅರ್ಥವಲ್ಲ. ಭಕ್ತಿಗೆ ನಾನೂರು ವರ್ಷ ಬಾಳುವ ಬಲ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಹಕ್ಕಿನ ಉತ್ತರವನ್ನೂ ಸೇರಿಸಬೇಕು ಎಂದಷ್ಟೆ. ವಂಗಡಗಳ ಹಂಚಿಕೆಯನ್ನು ನ್ಯೂಮನ್ ಕಾಣದೇ ಇದ್ದವರಲ್ಲ. ಅವರ ವಿವರಣೆಯಲ್ಲಿ ಅದೆಲ್ಲವೂ ಇದೆ. ಆದರೆ ವಿವರಣೆಯಿಂದ ತೀರ್ಮಾನಕ್ಕೆ ಹೋಗುವಾಗ ಅವರು ‘ಕುಂಕಳ್ಳಿಯ ಗಾಂವಕಾರರು’ ಎನ್ನಬೇಕಾದ ಕಡೆ ‘ಗೋವೆಯವರು’ ಎನ್ನುತ್ತಾರೆ. ಛತ್ರಿಯ ನೆರಳು ಹನ್ನೆರಡು ಕುಲಗಳಿಂದ ಇಡೀ ರಾಜ್ಯಕ್ಕೆ ಚಾಚಿಕೊಳ್ಳುತ್ತದೆ. ಅದೇ ಊರಿನಲ್ಲಿ ಉತ್ತವರು, ಹೊತ್ತವರು, ಬಡಿಗತನ ಕುಂಬಾರಿಕೆ ಮಾಡಿದವರು, ಮತ ಬದಲಿಸಿದರೂ ಬದಲಿಸದಿದ್ದರೂ ಛತ್ರಿ ಸಿಗದವರು, ಈ ಚಿತ್ರದಲ್ಲಿ ಎಲ್ಲಿದ್ದಾರೆ? ಅವರೂ ಜಾತ್ರೆಗೆ ಬರುತ್ತಾರೆ. ಆದರೆ ಹಂಚಿಕೊಂಡವರಾಗಿ ಅಲ್ಲ.

ಇನ್ನೊಂದು ತೊಡಕು ‘ಪದರ’ದ ಕಲ್ಪನೆಯಲ್ಲಿದೆ. ಕ್ಯಾಥಲಿಕತೆಯ ತೆಳುವಾದ ಮೇಲ್ಪದರವನ್ನು ಸರಿಸಿದರೆ ಕೆಳಗೆ ಹಿಂದೂ ಮಾತೃದೇವತೆ, ಇನ್ನೂ ಕೆಳಗೆ ಹುತ್ತ ಎಂಬ ಓದು ಆಕರ್ಷಕವಾಗಿದೆ. ಆದರೆ ಅಲ್ಲಿ ಬದಲಾಗುವುದು ಯಾವಾಗಲೂ ಕ್ಯಾಥಲಿಕನೇ. ಹಿಂದೂ ಎನ್ನುವುದು ಬದಲಾಗದೆ ಉಳಿದ ತಳಪಾಯ. ಗೋವೆಯ ದೇವಾಲಯಗಳೇ ಇದನ್ನು ಒಪ್ಪುವುದಿಲ್ಲ. ಕವಳೆಯ ಶಾಂತಾದುರ್ಗಾ ದೇವಾಲಯ ೧೭೩೮ರಲ್ಲಿ ಕಟ್ಟಿದ್ದು. ಅದರ ಗುಮ್ಮಟ, ಕಿಟಕಿಗಳ ಕಮಾನುಗಳು, ಮಂಟಪದೊಳಗೆ ತೂಗುವ ದೀಪಗುಚ್ಛಗಳು, ಅಂಗಳದಲ್ಲಿ ಎದ್ದುನಿಂತ ದೀಪಸ್ತಂಭ ನೋಡಿದವರಿಗೆ ಗೋವೆಯ ಹಿಂದೂ ಶಿಲ್ಪಿ ಚರ್ಚನ್ನು ಎಷ್ಟು ಗಮನವಿಟ್ಟು ನೋಡಿದ್ದನೆಂಬುದು ತಿಳಿಯುತ್ತದೆ. ಕೊಡುಕೊಳೆ ಎರಡೂ ಕಡೆ ನಡೆದಿದೆ. ಗೋವೆಯ ಇಂದಿನ ಹಿಂದೂ ಧರ್ಮವು ಪೋರ್ಚುಗೀಸ್ ಕಾಲಕ್ಕಿಂತ ಹಿಂದಿನದರ ಅಖಂಡ ಉಳಿಕೆಯಲ್ಲ. ಅದೂ ಸ್ಥಳಾಂತರ, ಮರುನಿರ್ಮಾಣ, ಅನುಕರಣೆಗಳಿಂದ ರೂಪುಗೊಂಡದ್ದು.

ಅಲೆಕ್ಸಾಂಡರ್ ಹೆನ್ ಅವರ ೨೦೧೪ರ ‘ಹಿಂದೂ–ಕ್ಯಾಥಲಿಕ್ ಎನ್‌ಕೌಂಟರ್ಸ್ ಇನ್ ಗೋವಾ’ ಗ್ರಂಥ ಈ ವಿಷಯದಲ್ಲಿ ನ್ಯೂಮನ್ ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ಬೆರಕೆ’ ಎನ್ನಬೇಕಾದರೆ ಮೊದಲು ಎರಡು ಶುದ್ಧ ವಸ್ತುಗಳಿರಬೇಕು. ಎರಡು ಮತಗಳು ಪರಸ್ಪರ ಪ್ರತ್ಯೇಕ, ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣ ಎಂಬ ಕಲ್ಪನೆಯೇ ಆ ವಸಾಹತು ಮುಖಾಮುಖಿಯಲ್ಲಿ ಬೆಳೆದದ್ದು. ಹೆನ್ ಗಮನ ಹರಿಸುವುದು ಶಿವೋಲಿಯ ಝಾಗರ್‌ನಂಥ ಆಚರಣೆಗೆ. ಕ್ರಿಸ್‌ಮಸ್ಸಿನ ಅನಂತರದ ಸೋಮವಾರದ ರಾತ್ರಿ ಹಿಂದೂ ಮತ್ತು ಕ್ಯಾಥಲಿಕ್ ಕುಟುಂಬಗಳು ಕೂಡಿ, ಊರು ಕಾಯುವ ಶಕ್ತಿಗಾಗಿ ಜಾಗರಣೆ ಮಾಡುತ್ತವೆ. ಇಲ್ಲಿ ಇಬ್ಬರನ್ನೂ ಸೇರಿಸುವುದು ಯಾವುದೋ ಆಳದ ಸಿದ್ಧಾಂತವಲ್ಲ, ಊರಿನ ಮೇರೆ. ಆ ಮೇರೆಯೊಳಗೆ ಬಾಳುವವರೆಲ್ಲರಿಗೂ ಕಾಯುವವನೊಬ್ಬ ಬೇಕು. ಹೆನ್ ಅವರ ವಿವರಣೆ ನ್ಯೂಮನ್ ಅವರದಕ್ಕಿಂತ ಒಣಗಿದ್ದು, ಓದಲು ಕಷ್ಟ. ನ್ಯೂಮನ್ ಅವರ ಬರವಣಿಗೆಯಲ್ಲಿರುವ ಜನರ ಮುಖ, ಬಿಸಿಲು, ಬೆವರು ಅಲ್ಲಿಲ್ಲ. ಆದರೂ ‘ಊರು’ ಎಂಬ ಘಟಕವನ್ನು ಹಿಡಿದುಕೊಂಡದ್ದರಿಂದ ಅದು ಹೆಚ್ಚು ಭದ್ರವಾಗಿದೆ.

ಇದೇ ಅವಧಿಯಲ್ಲಿ ವಿರುದ್ಧ ತುದಿಯಿಂದ ಬಂದ ವಾದ ರಾಬರ್ಟ್ ಹೇಡನ್ ಅವರದು. ಒಂದೇ ಪುಣ್ಯಸ್ಥಳವನ್ನು ಇಬ್ಬರು ಬಳಸುತ್ತಿದ್ದರೆ ಅದು ಸೌಹಾರ್ದವಲ್ಲ, ಸದ್ಯಕ್ಕೆ ತಡೆಹಿಡಿದ ಸ್ಪರ್ಧೆ ಎಂದು ಅವರು ೨೦೦೨ರಲ್ಲಿ ದಕ್ಷಿಣ ಏಷ್ಯಾ ಮತ್ತು ಬಾಲ್ಕನ್ ಪ್ರದೇಶಗಳನ್ನು ಹೋಲಿಸಿ ಬರೆದರು. ನ್ಯೂಮನ್ ಅವರ ಗೋವೆಯನ್ನು ಹೇಡನ್ ಅವರ ಕನ್ನಡಕದಿಂದ ನೋಡಿದರೆ ಛತ್ರೋತ್ಸವವು ನಿಂತ ಯುದ್ಧದಂತೆ ಕಂಡೀತು. ಅದೂ ಸರಿಯಲ್ಲ. ನ್ಯೂಮನ್ ಪ್ರೀತಿಯನ್ನು ಹೆಚ್ಚು ನಂಬಿದರೆ ಹೇಡನ್ ವೈರವನ್ನು ಹೆಚ್ಚು ನಂಬುತ್ತಾರೆ. ಇಬ್ಬರೂ ಸಮುದಾಯವೆಂದರೆ ಮತವೆಂದೇ ತಿಳಿದಂತಿದೆ. ಹನ್ನೆರಡು ಕುಲಗಳ ಲೆಕ್ಕದಲ್ಲಿ ಹಿಂದೂ ಒಂದು ಪಕ್ಷ, ಕ್ಯಾಥಲಿಕ್ ಇನ್ನೊಂದು ಪಕ್ಷ ಎಂಬ ವಿಭಜನೆ ಇಲ್ಲ. ತಮಿಳುನಾಡಿನ ರಾಮನಾಥಪುರದ ಹಳ್ಳಿಯೊಂದನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಡೇವಿಡ್ ಮಾಸ್ ಅವರ ೨೦೧೨ರ ಗ್ರಂಥ ಈ ಗಂಟನ್ನು ಬಿಚ್ಚಲು ಹೆಚ್ಚು ನೆರವಾಗುತ್ತದೆ. ಅಲ್ಲಿಯೂ ಸಂತನ ಉತ್ಸವದಲ್ಲಿ ಜಾತಿಗಳಿಗೆ ಕ್ರಮವಾಗಿ ಮರ್ಯಾದೆ ಸಲ್ಲುತ್ತಿತ್ತು. ದಲಿತ ಕ್ರೈಸ್ತರು ಆ ಕ್ರಮವನ್ನು ಪ್ರಶ್ನಿಸಿದಾಗ, ‘ಹಂಚಿಕೊಂಡ ಸಂಸ್ಕೃತಿ’ ಎಂದು ಹೊರಗಿನವರು ಮೆಚ್ಚಿಕೊಂಡಿದ್ದ ಅದೇ ಸಂಪ್ರದಾಯ ಅವರಿಗೆ ಅವಮಾನದ ಪಟ್ಟಿಯಾಗಿತ್ತೆಂಬುದು ಬಯಲಾಯಿತು.

ಕರ್ನಾಟಕದ ಸಂಶೋಧಕರಿಗೆ ಈ ಚರ್ಚೆ ದೂರದ್ದಲ್ಲ. ಕಳೆದ ಮೂರು ದಶಕಗಳಲ್ಲಿ ಕನ್ನಡದಲ್ಲಿ ದರ್ಗಾ, ಉರುಸು, ಮೊಹರಂ, ಸಂತರ ಹಬ್ಬಗಳನ್ನು ಕುರಿತು ಬೆಲೆಯುಳ್ಳ ಕೆಲಸ ನಡೆದಿದೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ (೧೯೯೮) ಆ ದಾರಿಯ ಮುಖ್ಯ ಮೈಲಿಗಲ್ಲು. ಮತೀಯ ದ್ವೇಷ ಹೆಚ್ಚಿದ ಕಾಲದಲ್ಲಿ ಬೆರಕೆಯ ಪರಂಪರೆಗಳನ್ನು ಎತ್ತಿ ತೋರಿಸುವುದು ಅಗತ್ಯವಾಗಿತ್ತು, ಇಂದಿಗೂ ಅಗತ್ಯ. ಆದರೆ ಅವಸರದಲ್ಲಿ ನಮ್ಮ ಎಷ್ಟೋ ಲೇಖನಗಳು ‘ಇಲ್ಲಿ ಎಲ್ಲ ಧರ್ಮದವರೂ ಬರುತ್ತಾರೆ’ ಎಂಬ ಒಂದು ವಾಕ್ಯಕ್ಕೆ ಬಂದು ನಿಲ್ಲುತ್ತವೆ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಹಿಂದೂಗಳು ಬರುವುದು ನಿಜ. ಬಂದವರು ಹರಕೆ ಹೊತ್ತು ಬರುವುದಕ್ಕೂ, ಉತ್ಸವದಲ್ಲಿ ಪಾಲುಳ್ಳವರಾಗಿ ಬರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ನಂಬಿಕೆ ಸಾಕು, ಎರಡನೆಯದಕ್ಕೆ ಹಕ್ಕು ಬೇಕು. ತುಳುನಾಡಿನ ನೇಮದಲ್ಲಿ ದೈವವು ಯಾವ ಗುತ್ತಿನವರನ್ನು ಮೊದಲು ಕರೆದು ಗಂಧಪ್ರಸಾದ ಕೊಡುತ್ತದೆ, ಯಾರನ್ನು ಆಮೇಲೆ ಎಂಬುದು ಅಲ್ಲಿಯವರಿಗೆ ಪ್ರಾಣದಷ್ಟು ಮುಖ್ಯ. ಈ ಕ್ರಮವನ್ನು ಬರೆದುಕೊಳ್ಳದ ಕ್ಷೇತ್ರಕಾರ್ಯ ಅಪೂರ್ಣವೆಂದು ನಾವೇ ಹೇಳುತ್ತೇವೆ. ಎರಡು ಮತಗಳು ಕೂಡುವ ಸ್ಥಳಕ್ಕೆ ಹೋದಾಗ ಮಾತ್ರ ಆ ಎಚ್ಚರವನ್ನು ಏಕೆ ಮನೆಯಲ್ಲಿ ಬಿಟ್ಟುಹೋಗಬೇಕು?

ಗಾಂವಕಾರಿಯ ಹಕ್ಕೇ ಇಲ್ಲದವರ ನಡುವೆ ಹಂಚಿಕೆ ಹೇಗಿರುತ್ತದೆ ಎಂಬ ಪ್ರಶ್ನೆಗೂ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡುಗಳ ಸಿದ್ದಿಯರಲ್ಲಿ ಅನೇಕರ ಪೂರ್ವಿಕರು ಪೋರ್ಚುಗೀಸ್ ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ. ೧೯೭೬ರಷ್ಟು ಹಿಂದೆಯೇ ಟಿ.ಸಿ. ಪಾಲಾಕ್ಷಪ್ಪ ಅವರು ಇವರ ಬಗ್ಗೆ ಗ್ರಂಥ ಬರೆದರು. ಇಲ್ಲಿ ಮತಗಳನ್ನು ದಾಟುವ ಒಗ್ಗಟ್ಟಿಗೆ ಹಳೆಯ ದೇವಾಲಯದ ಮಾನವಿಲ್ಲ, ಹನ್ನೆರಡು ಛತ್ರಿಗಳಿಲ್ಲ. ಇರುವುದು ನೆಂಟಸ್ತನ, ಹಿರಿಯರ ನೆನಪು ಮತ್ತು ಹೊರಗಿನವರು ತಮ್ಮನ್ನು ಒಂದೇ ಎಂದು ಕಂಡ ರೀತಿ. ನ್ಯೂಮನ್ ಅವರ ಗೋವೆಯ ಪಕ್ಕದಲ್ಲಿ ಸಿದ್ದಿಯರನ್ನು ಇಟ್ಟು ನೋಡಿದರೆ, ಹಂಚಿಕೊಳ್ಳುವಿಕೆಗೆ ಒಂದಕ್ಕಿಂತ ಹೆಚ್ಚು ವ್ಯಾಕರಣಗಳಿವೆ ಎಂಬುದು ಸ್ಪಷ್ಟವಾಗುತ್ತದೆ. ಗಾಂವಕಾರರ ಹಂಚಿಕೆ ಆಸ್ತಿಯ ಹಂಚಿಕೆಯಂತೆ, ಎಣಿಸಿ ಅಳೆದದ್ದು. ಸಿದ್ದಿಯರದು ಅಂಥದ್ದಲ್ಲ.

ನ್ಯೂಮನ್ ಅವರ ಸಾಧನೆಯನ್ನು ಈ ಆಕ್ಷೇಪಗಳು ಕುಗ್ಗಿಸುವುದಿಲ್ಲ. ಗೋವೆಯ ಕ್ಯಾಥಲಿಕನನ್ನು ಪೋರ್ಚುಗೀಸರ ನೆರಳೆಂದೂ, ಗೋವೆಯ ಹಿಂದೂವನ್ನು ಮಹಾರಾಷ್ಟ್ರದ ಬಾಲವೆಂದೂ ಕಾಣುತ್ತಿದ್ದ ಕಾಲದಲ್ಲಿ ಇಬ್ಬರನ್ನೂ ಅವರ ಊರಿನ ಮಣ್ಣಿನಲ್ಲಿಟ್ಟು ನೋಡಿದವರಲ್ಲಿ ಅವರು ಮೊದಲಿಗರು. ಜನಪ್ರಿಯ ಪ್ರವಾಸೋದ್ಯಮವನ್ನು ಕೂಡ ಅವರು ಬಿಡಲಿಲ್ಲ. ಕಡಲತಡಿಗೆ ಬರುವ ಪಾಶ್ಚಾತ್ಯರನ್ನೂ ದೇವಿಯ ಬಳಿಗೆ ಹೋಗುವ ಯಾತ್ರಿಕರನ್ನೂ ಎರಡು ಆಚರಣೆಗಳಾಗಿ ಹೋಲಿಸಿದ ಅವರ ಪ್ರಬಂಧ ಇಂದಿಗೂ ಹೊಸತಾಗಿ ಓದಿಸಿಕೊಳ್ಳುತ್ತದೆ. ಅವರ ಪುಸ್ತಕಗಳು ಗೋವೆಯಲ್ಲೇ ಪ್ರಕಟವಾಗಿ, ಗೋವೆಯ ಸಾಮಾನ್ಯ ಓದುಗರ ಕೈಗೆ ಸಿಕ್ಕವು. ತಾವು ಯಾರ ಬಗ್ಗೆ ಬರೆಯುತ್ತಾರೋ ಅವರೇ ಓದಿ ಜಗಳವಾಡುವಂತೆ ಬರೆಯುವ ಮಾನವಶಾಸ್ತ್ರಜ್ಞರು ಹೆಚ್ಚಿಲ್ಲ.

ಉಳಿದಿರುವ ಕೆಲಸದಲ್ಲಿ ಒಂದು ಪಾಲು ಕನ್ನಡ ಬಲ್ಲವರದು. ಪೋರ್ಚುಗೀಸರ ದಾಖಲೆಗಳಿಗೆ ಸಮಾನಾಂತರವಾಗಿ ಗೋವೆಯ ಹಳೆಯ ಗಾಂವಕಾರಿ ಲೆಕ್ಕಪತ್ರಗಳ ಒಂದು ಭಾಗವು ಹಳಗನ್ನಡ ಲಿಪಿಗೆ ಹತ್ತಿರದ ಗೋಯ್‌ಕಾನಡಿ ಲಿಪಿಯಲ್ಲಿದೆ. ಆ ಲಿಪಿಯನ್ನು ಓದಬಲ್ಲವರು ಗೋವೆಯಲ್ಲಿ ಬೆರಳೆಣಿಕೆಯಷ್ಟು. ಯಾವ ಕುಲಕ್ಕೆ ಯಾವ ಮಾನ, ಯಾವ ವರ್ಷ ಯಾರ ಪಾಲು ಯಾರಿಗೆ ಹೋಯಿತು, ಮತ ಬದಲಿಸಿದವನ ಹೆಸರು ಪಟ್ಟಿಯಲ್ಲಿ ಉಳಿಯಿತೇ ಅಳಿಯಿತೇ ಎಂಬ ಬಗೆಯ ಪ್ರಶ್ನೆಗಳನ್ನು ಕೇಳಬೇಕಾದದ್ದು ಇಂಥ ಕಾಗದಗಳನ್ನು. ನ್ಯೂಮನ್ ಉತ್ಸವದ ಬೀದಿಯಲ್ಲಿ ಕಂಡದ್ದನ್ನು, ರಾಬಿನ್ಸನ್ ಚರ್ಚಿನ ಅಂಗಳದಲ್ಲಿ ಕಂಡದ್ದನ್ನು ಅಲ್ಲಿ ಪರೀಕ್ಷಿಸಿ ನೋಡಬಹುದು. ಶಾಸನಗಳನ್ನು ಓದುವ ತರಬೇತಿ ಪಡೆದ ನಮ್ಮ ವಿದ್ಯಾರ್ಥಿಗಳಿಗೆ ಅದು ಅಪರಿಚಿತ ಲಿಪಿಯಾಗಲಾರದು.